ಗಾಜಿನ ಮೇಲಿನ ಟಿಕೆಟ್ ಟ್ರೇ

ಅಣ್ಣ ಮಾತು ಕಳೆದುಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತಿದ್ದಾಗ. ಬ್ರಷ್ಷು ಕೈಯಿಂದ ಜಾರಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು, ಬಚ್ಚಲುಮನೆಯ ಗೋಡೆ ಹಿಡಿದು ಕುಸಿದ. ವೈನಿ, ಅಂದರೆ ಅವನ ಹೆಂಡತಿ, ಕೂಗಿದ್ದು ಎರಡು ಮನೆಯಾಚೆ ಇದ್ದ ನನಗೆ ಕೇಳಿಸಿತು. ಕೊಪ್ಪಳದಲ್ಲೇ ಇದ್ದದ್ದು ಪುಣ್ಯ. ಆಟೋದಲ್ಲಿ ಹಾಕಿಕೊಂಡು ಬೇಗ ಆಸ್ಪತ್ರೆ ಸೇರಿಸಿದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು.

ಮಾತು ಹೋಯಿತು ಅಂದರೆ ಧ್ವನಿ ಹೋಯಿತು ಅಂತಲ್ಲ. ನಾವು ಹೇಳಿದ್ದು ಬಹಳಷ್ಟು ಅವನಿಗೆ ತಿಳಿಯುತ್ತಿತ್ತು. ತಾನು ಹೇಳಬೇಕಾದ್ದೂ ತಲೆಯೊಳಗೆ ಇತ್ತು. ಅದಕ್ಕೆ ಪದ ಸಿಗುತ್ತಿರಲಿಲ್ಲ. ಉಳಿದದ್ದು ಒಂದೇ ಪದ: ‘ಅದು’. ನೀರು ಬೇಕಾದರೂ ಅದು, ಫ್ಯಾನು ಹಾಕಬೇಕಾದರೂ ಅದು, ಸಿಟ್ಟು ಬಂದರೂ ಅದು. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದವನು. ಕುಷ್ಟಗಿಯಿಂದ ಗಂಗಾವತಿವರೆಗೆ ಸಾಲುಸಾಲು ಊರಿನ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುತ್ತಿದ್ದವನು. ಅವನ ಬಾಯಲ್ಲಿ ಈಗ ಎರಡಕ್ಷರ.

ನಾನು ಕುಷ್ಟಗಿಯ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವವಳು. ಬಂದವಳೇ ಚೀಲ ಇಟ್ಟು ಅಣ್ಣನ ಹತ್ತಿರ ಹೋಗಿ ಕೂರುವುದು ಆಗಿನಿಂದ ರೂಢಿಯಾಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರದಲ್ಲೇ ಅವನು ಏನನ್ನೋ ಹೇಳಲು ಶುರುಮಾಡಿದ. ಎಡಗೈಯನ್ನು ಬಲಗಂಕುಳಿನಲ್ಲಿ ತುರುಕಿ ಅದುಮುವುದು, ಆಮೇಲೆ ಬಾಗಿಲ ಕಡೆ ಬೆರಳು ತೋರಿಸುವುದು, ‘ಅದು, ಅದು’ ಅನ್ನುವುದು. ನಾವು ಎದೆನೋವು ಅಂದುಕೊಂಡೆವು. ಮತ್ತೆ ಆಸ್ಪತ್ರೆಗೆ ಒಯ್ದು ಇಸಿಜಿ ಮಾಡಿಸಿದೆವು, ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ ಅಂದರು. ಮನೆಗೆ ಬಂದು ಮಲಗಿಸಿದ ಕೂಡಲೇ ಮತ್ತೆ ಕಂಕುಳು, ಮತ್ತೆ ಬಾಗಿಲು. ಹೊರಗೆ ಹೋಗಬೇಕೇನೋ ಅಂತ ಗಾಲಿಕುರ್ಚಿಯಲ್ಲಿ ಓಣಿಯ ತುದಿಯವರೆಗೆ ಸುತ್ತಾಡಿಸಿದೆವು. ಅವನಿಗೆ ಇನ್ನೂ ಸಿಟ್ಟು ಬಂತು. ಅಂಗಿ ಬೇಕೇ ಅಂತ ಕೇಳಿದೆವು, ಟವೆಲ್ ಬೇಕೇ ಅಂತ ಕೇಳಿದೆವು, ಬೇಕಾದವರು ಯಾರಾದರೂ ಬರಬೇಕೇ ಅಂತ ಒಬ್ಬೊಬ್ಬರ ಹೆಸರು ಹೇಳಿದೆವು. ಎಲ್ಲಕ್ಕೂ ಅಲ್ಲ ಅಂತ ತಲೆಯಾಡಿಸಿ, ಕೊನೆಗೆ ಮಂಚದ ಪಟ್ಟಿಗೆ ಕೈ ಬಡಿದು ಗೋಡೆಯ ಕಡೆ ಹೊರಳುತ್ತಿದ್ದ.

ಒಂದು ದಿನ ನಾನು ಪೆನ್ಸಿಲ್ಲು, ಹಾಳೆ ಕೊಟ್ಟೆ. ಎಡಗೈಯಲ್ಲಿ ಕಷ್ಟಪಟ್ಟು ಒಂದು ಚೌಕ ಎಳೆದ. ಅಷ್ಟೇ. ಟಿವಿ ಅಂದೆ ನಾನು. ಕಿಟಕಿ ಅಂದಳು ವೈನಿ. ಅವನು ಹಾಳೆಯನ್ನು ಮುದ್ದೆ ಮಾಡಿ ಎಸೆದ. ನೂರಾರು ಮಕ್ಕಳ ಗೀಚುಗಳನ್ನು ನೋಡಿ ಇದು ಎಮ್ಮೆ, ಇದು ಟ್ರ್ಯಾಕ್ಟರ್ ಅಂತ ಗುರುತಿಸುವ ನನಗೆ ಸ್ವಂತ ಅಣ್ಣನ ಒಂದು ಚೌಕ ಓದಲು ಬರಲಿಲ್ಲವಲ್ಲ ಅನ್ನಿಸಿತು. ವೈನಿ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನಿಗೆ ಕೇಳಿಸಬಾರದು ಅಂತ.

ಎರಡನೇ ತಿಂಗಳು ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಗಂಗಾವತಿಯ ಹುಡುಗಿ, ಮನೆಯಲ್ಲಿ ಉರ್ದು, ನಮ್ಮ ಜೊತೆ ಅಚ್ಚ ನಮ್ಮ ಕಡೆಯ ಕನ್ನಡ. ಬಹಳ ತಾಳ್ಮೆಯವಳು. ಮಾತು ನಿಧಾನಕ್ಕೆ ಬರಬಹುದು, ಎಷ್ಟು ಬರುತ್ತದೋ ಈಗಲೇ ಹೇಳಲಾಗದು, ಅಲ್ಲಿಯವರೆಗೆ ಇದು ಇರಲಿ ಅಂತ ನಮ್ಮ ಟ್ಯಾಬಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ತೆರೆಯ ತುಂಬ ಸಣ್ಣ ಸಣ್ಣ ಚಿತ್ರ. ನೀರಿನ ಚಿತ್ರ ಒತ್ತಿದರೆ ನೀರು ಬೇಕು ಅಂತ ಅದೇ ಹೇಳುತ್ತದೆ.

ಚಿತ್ರಗಳೇನೋ ಅಚ್ಚುಕಟ್ಟಾಗಿದ್ದವು. ಬಿಳಿ ಹಿನ್ನೆಲೆ, ತೆಳ್ಳನೆಯ ಬೂದು ಗೆರೆ, ನೆರಳಿಲ್ಲ, ಬಣ್ಣವಿಲ್ಲ. ನಿಜ ಹೇಳಬೇಕೆಂದರೆ ಮೊದಲು ನನಗೆ ಅವು ಇಷ್ಟವೇ ಆದವು. ಹಿಂದೆ ನನ್ನ ಹಳೆಯ ಫೋನಿನಲ್ಲಿ ಎಲ್ಲವೂ ವಸ್ತುವಿನ ಹಾಗೇ ಇರುತ್ತಿತ್ತು: ಬರೆಯುವ ಕಡೆ ಹಳದಿ ಗೆರೆಹಾಳೆ, ಗಡಿಯಾರಕ್ಕೆ ಹೊಳೆಯುವ ಗಾಜು, ಗುಂಡಿಗಳಿಗೆ ಉಬ್ಬು. ಆಮೇಲೆ ಒಂದು ಸಲ ಫೋನು ಬದಲಾಯಿಸಿದಾಗ ಅವೆಲ್ಲ ಚಪ್ಪಟೆಯಾಗಿದ್ದವು. ಆಗ ನಾನು ಒಳ್ಳೆಯದೇ ಆಯಿತು, ಆಡಂಬರ ಕಳಚಿತು ಅಂದುಕೊಂಡವಳು.

ಅಣ್ಣನ ಎದುರು ಇಟ್ಟಾಗ ಗೊತ್ತಾಯಿತು. ಮನೆಯ ಚಿತ್ರಕ್ಕೆ ಇಳಿಜಾರು ಸೂರು, ಮೇಲೆ ಹೊಗೆಗೂಡು. ಅವನು ಹುಟ್ಟಿದ್ದು, ಬಾಳಿದ್ದು ಎಲ್ಲ ಚಪ್ಪಟೆ ಮಾಳಿಗೆಯ ಮನೆಯಲ್ಲಿ. ಊಟದ ಚಿತ್ರದಲ್ಲಿ ಮುಳ್ಳು ಚಮಚ. ನೀರಿನ ಚಿತ್ರದಲ್ಲಿ ಒಂದು ಹನಿ. ಆ ಹನಿಯನ್ನು ಅವನು ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು ತೋರಿಸಿದ. ಅಳು ಅಂತ ತಿಳಿದಿದ್ದ. ಎಲ್ಲಿ ಒತ್ತಬೇಕು ಅನ್ನುವುದೂ ಅವನಿಗೆ ಕಾಣುತ್ತಿರಲಿಲ್ಲ. ಗೆರೆಯ ಮೇಲೆ ಬೆರಳಿಡದೆ ಬಿಳಿ ಜಾಗದಲ್ಲಿ ಇಡುತ್ತಿದ್ದ. ಮೂರು ವಾರ ಕಳೆದ ಮೇಲೆ ಟ್ಯಾಬನ್ನು ಎಡಗೈಯಿಂದ ಆಚೆ ನೂಕತೊಡಗಿದ.

ಒಂದು ಭಾನುವಾರ ಯಾರದೋ ಮದುವೆಯ ಕಾರ್ಡುಗಳ ಕಟ್ಟು ಮನೆಯಲ್ಲಿ ಬಂದು ಬಿದ್ದಿತ್ತು. ವೈನಿ ಅದನ್ನು ಅಣ್ಣನ ಮಂಚದ ಮೇಲಿಟ್ಟು ಚಹಾ ತರಲು ಹೋದಳು. ನಾನು ಎದುರು ಕೂತಿದ್ದೆ. ಅವನ ಎಡಗೈ ಆ ಕಟ್ಟಿನ ಮೇಲೆ ಹೋಯಿತು. ಹೆಬ್ಬೆರಳು ಅಂಚಿಗೆ ಹತ್ತಿ, ಕಾರ್ಡುಗಳನ್ನು ಒಂದೊಂದಾಗಿ ‘ಪರ್ರ್’ ಅಂತ ಬಿಡಿಸುತ್ತ ಹೋಯಿತು. ಬಸ್ಸಿನಲ್ಲಿ ಟಿಕೆಟ್ ಕಟ್ಟಿನ ಮೇಲೆ ಅವನು ಹಾಗೆಯೇ ಮಾಡುತ್ತಿದ್ದ. ಟಿಕೆಟ್ ಮಿಷನ್ನು ಬರುವುದಕ್ಕೆ ಮುಂಚೆ ಅವನ ಎಡಗೈಯಲ್ಲಿ ಸದಾ ತಗಡಿನ ಟ್ರೇ ಇರುತ್ತಿತ್ತು. ಸಣ್ಣ ಸಣ್ಣ ಖಾನೆ ಮಾಡಿದ ಅದರಲ್ಲಿ ಬಣ್ಣ ಬಣ್ಣದ ಟಿಕೆಟ್ ಕಟ್ಟು, ಪ್ರತಿಯೊಂದಕ್ಕೂ ಅದರದೇ ಜಾಗ. ಬಸ್ಸು ಎಷ್ಟೇ ಕುಲುಕಲಿ, ಅವನು ಟ್ರೇ ನೋಡುತ್ತಿರಲಿಲ್ಲ; ಪ್ರಯಾಣಿಕರ ಮುಖ ನೋಡುತ್ತಲೇ ಬೆರಳು ಸರಿಯಾದ ಬಣ್ಣಕ್ಕೆ ಹೋಗುತ್ತಿತ್ತು. ನಾನು ಕಾಲೇಜಿಗೆ ಅದೇ ಬಸ್ಸಿನಲ್ಲಿ ಹೋಗಿ ಬರುವಾಗ ಎಷ್ಟು ಸಲ ನೋಡಿದ್ದೆ.

ಸೋಮವಾರ ರಜೆ ಹಾಕಿ ಥೆರಪಿಸ್ಟ್ ಹತ್ತಿರ ಹೋದೆ. ಈ ಆ್ಯಪಿನಲ್ಲಿ ಬೇರೆ ಚಿತ್ರ ಹಾಕಲು ಬರುತ್ತದೆಯೇ ಅಂತ ಕೇಳಿದೆ. ಬರುತ್ತದೆ, ಹಿಂದಿನ ಚಿತ್ರವನ್ನೂ ಬದಲಾಯಿಸಬಹುದು, ಧ್ವನಿಯನ್ನೂ ನೀವೇ ತುಂಬಬಹುದು ಅಂತ ಕೂತು ತೋರಿಸಿಕೊಟ್ಟಳು.

ಮೊದಲ ಪ್ರಯತ್ನದಲ್ಲಿ ನಾನು ತಪ್ಪು ಮಾಡಿದೆ. ಕಲಾವಿದೆಯ ಹುಮ್ಮಸ್ಸು. ಜಲವರ್ಣದಲ್ಲಿ ಇಡೀ ಟ್ರೇ ಬರೆದೆ: ತಗಡಿನ ತುಕ್ಕು, ಸವೆದ ಅಂಚು, ರಬ್ಬರ್ ಬ್ಯಾಂಡು, ಮಡಿಕೆ ಬಿದ್ದ ಟಿಕೆಟ್ಟು, ಒಂದೂ ಬಿಡಲಿಲ್ಲ. ಅದರ ಫೋಟೊ ತೆಗೆದು ಟ್ಯಾಬಿಗೆ ಹಾಕಿ ಅಣ್ಣನ ಮುಂದೆ ಹಿಡಿದೆ. ಅವನ ಮುಖ ಅರಳಿತು. ತಲೆದೂಗಿದ. ನನ್ನ ಬೆನ್ನು ತಟ್ಟಿದ. ಆಮೇಲೆ ಉಗುರಿನಿಂದ ಗಾಜಿನ ಮೇಲಿನ ಗುಲಾಬಿ ಟಿಕೆಟ್ಟನ್ನು ಕೆರೆದು ಎಬ್ಬಿಸಲು ನೋಡಿದ. ಅದು ಏಳಲಿಲ್ಲ. ಟ್ಯಾಬನ್ನು ನನಗೆ ಮರಳಿ ಕೊಟ್ಟ. ಅವನಿಗೆ ಅದು ಚೆಂದದ ಚಿತ್ರ, ಅಷ್ಟೇ. ಗೋಡೆಗೆ ಹಾಕುವಂಥದ್ದು.

ಥೆರಪಿಸ್ಟ್ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದಳು. ನನಗೆ ನೋವಾಗದ ಹಾಗೆ ಹೇಳಲು ಯೋಚಿಸುತ್ತಿದ್ದಳು ಅಂತ ಕಾಣುತ್ತದೆ.

“ಚಿತ್ರ ಭಾಳ ಛಲೋ ಐತ್ರಿ ಟೀಚರ್,” ಅಂದಳು. “ಆದ್ರ ಒತ್ತೋದು ಯಾವುದು, ನೋಡೋದು ಯಾವುದು ಅಂತ ಅವರಿಗೆ ಗೊತ್ತಾಗ್ಬೇಕಲ್ರಿ. ಒತ್ತೋದು ಅಷ್ಟ ಎದ್ದು ಕಾಣ್ಬೇಕು. ಉಳಿದಿದ್ದನ್ನ ತಗದುಬಿಡ್ರಿ.”

ತೆಗೆದುಬಿಟ್ಟೆ. ತುಕ್ಕು ಹೋಯಿತು, ರಬ್ಬರ್ ಬ್ಯಾಂಡು ಹೋಯಿತು. ಟ್ರೇ ಬರಿಯ ಬೂದು ಬಣ್ಣವಾಯಿತು. ಅದರಲ್ಲಿ ಐದೇ ಖಾನೆ, ಐದು ಬಣ್ಣದ ಕಟ್ಟು. ಪ್ರತಿ ಕಟ್ಟಿಗೂ ಎಡಮೇಲಿನಿಂದ ಬೆಳಕು, ಬಲಕೆಳಗೆ ದಪ್ಪ ನೆರಳು. ಎಂಟನೇ ತರಗತಿಯ ಮಕ್ಕಳಿಗೆ ಇಟ್ಟಿಗೆ ಬರೆಯಲು ನಾನು ಹೇಳಿಕೊಡುವ ಹಾಗೆ. ಗುಲಾಬಿ ಊಟದ್ದು, ಹಸಿರು ಮೈಗೆ ಸಂಬಂಧಿಸಿದ್ದು, ಹಳದಿ ಮನುಷ್ಯರದು, ನೀಲಿ ವಸ್ತುಗಳದು, ಬಿಳಿ ಊರುಗಳದು. ಒಂದು ಕಟ್ಟು ಒತ್ತಿದರೆ ಅದೇ ಬಣ್ಣದ ಟಿಕೆಟ್ಟುಗಳು ದೊಡ್ಡದಾಗಿ ಬಂದು ನಿಲ್ಲಬೇಕು. ಅವುಗಳ ಮೇಲೆ ಚಿತ್ರ. ಹನಿ ಇಲ್ಲ, ನಮ್ಮ ಮನೆಯ ಸ್ಟೀಲಿನ ಚಂಬು. ಮುಳ್ಳು ಚಮಚ ಇಲ್ಲ, ರೊಟ್ಟಿ ಬುಟ್ಟಿ.

ಬಣ್ಣಗಳನ್ನು ಎಲ್ಲಿ ಇಡಬೇಕು ಅನ್ನುವಲ್ಲಿ ನನಗೆ ಅನುಮಾನವಿತ್ತು. ಹಿಂದೆ ಅಣ್ಣನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸು ಓಡಿಸಿದ ಡ್ರೈವರ್ ಯಲಬುರ್ಗಾದವರು. ವಾರಕ್ಕೊಮ್ಮೆ ತಪ್ಪದೆ ಬಂದು ಕೂರುತ್ತಿದ್ದರು. ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

“ಗುಲಾಬಿ ತುದಿಗೆ ಇರ್ತಿತ್ರಿ ಅಕ್ಕಾರ, ಹೆಬ್ಬಟ್ಟಿನ ಕಡೆ,” ಅಂದರು. “ಮತ್ತ ಊರಿಂದು ಎಲ್ಲಾ ಹಾಕ್ರಿ, ಒಂದೂ ಬಿಡಬ್ಯಾಡ್ರಿ. ಅವನ ತಲಿಯಾಗ ಊರು ಬಿಟ್ರ ಏನೈತಿ?”

ಹಾಗಾಗಿ ಊರುಗಳೂ ಬಂದವು: ಕೊಪ್ಪಳಕ್ಕೆ ಕೋಟೆಗುಡ್ಡ, ಸಿದ್ದಾಪುರಕ್ಕೆ ಕಾಲುವೆ ಮತ್ತು ಭತ್ತದ ಗದ್ದೆ, ಯಲಬುರ್ಗಾಕ್ಕೆ ಡ್ರೈವರ್ ಅವರ ಮೀಸೆ. ಕೊನೆಯದು ಅವರೇ ಹೇಳಿ ಬರೆಸಿದ್ದು. ಬಸ್ ಡಿಪೋವನ್ನೂ ಸೇರಿಸಿದೆ. ಧ್ವನಿಯನ್ನು ವೈನಿ ತುಂಬಿದಳು. ಪ್ರತಿ ಕಟ್ಟು ಒತ್ತಿದಾಗಲೂ ಮೊದಲು ‘ಪರ್ರ್’ ಅನ್ನುವ ಸದ್ದು ಬರಲಿ ಅಂತ ಅದೇ ಮದುವೆ ಕಾರ್ಡುಗಳನ್ನು ಫೋನಿನ ಹತ್ತಿರ ಹಿಡಿದು ಬಿಡಿಸಿದೆ.

ಎರಡನೇ ಟ್ರೇಯನ್ನು ಅವನ ಎಡಗೈಗೆ ಕೊಟ್ಟದ್ದು ಒಂದು ಸಂಜೆ, ಚಹಾದ ಹೊತ್ತಿಗೆ. ಈ ಸಲ ಅವನು ಹೊಗಳಲಿಲ್ಲ. ಟ್ಯಾಬನ್ನು ಎದೆಗೆ ಆನಿಸಿಕೊಂಡ, ಬಸ್ಸಿನಲ್ಲಿ ಆನಿಸಿಕೊಳ್ಳುತ್ತಿದ್ದ ಹಾಗೆ. ಹೆಬ್ಬೆರಳು ಗುಲಾಬಿಗೆ ಹೋಯಿತು. ಪರ್ರ್. ರೊಟ್ಟಿ, ಅನ್ನ, ಚಹಾ, ನೀರು ಬಂದು ನಿಂತವು. ನೀರು ಒತ್ತಿದ.

“ನೀರು ಬೇಕು,” ಅಂದಿತು ಟ್ಯಾಬು, ವೈನಿಯ ಧ್ವನಿಯಲ್ಲಿ.

ಅಡಿಗೆಮನೆಯಿಂದ ವೈನಿ ಚಂಬು ತಂದಳು. ತನ್ನ ಧ್ವನಿಗೆ ತಾನೇ ಓಗೊಟ್ಟು ಬಂದದ್ದು ಅವಳಿಗೆ ಅರಿವಾದದ್ದು ಅರ್ಧ ದಾರಿಯಲ್ಲಿ. ಅಲ್ಲೇ ನಿಂತು ನಗತೊಡಗಿದಳು. ಅಣ್ಣನೂ ನಕ್ಕ, ಸೊಟ್ಟ ಬಾಯಿಯಲ್ಲಿ, ಸುಮಾರು ಮೂರು ತಿಂಗಳ ನಂತರ. ಆ ದಿನ ಅವನು ನೀರು ಐದು ಸಲ ಕೇಳಿದ.

ಮೂರು ನಾಲ್ಕು ದಿನದಲ್ಲಿ ಬೆರಳು ಪಳಗಿತು. ಉಪ್ಪು ಕಡಿಮೆ, ಬೆನ್ನು ತುರಿಕೆ, ಅಳಿಯನಿಗೆ ಫೋನು ಹಚ್ಚು, ಇಂಥವೆಲ್ಲ ಸಲೀಸಾದವು. ಐದನೆಯ ದಿನ, ಶನಿವಾರ ಮಧ್ಯಾಹ್ನ, ನಾನು ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಡ್ರೈವರ್ ಕೂಡ ಅಲ್ಲಿದ್ದರು. ಅಣ್ಣ ಟ್ಯಾಬು ಹಿಡಿದು ನಮಗಾಗಿಯೇ ಕಾಯುತ್ತಿದ್ದ ಹಾಗೆ ಕೂತಿದ್ದ. ನಾನು ಕೂತ ಕೂಡಲೇ ನೀಲಿ ಒತ್ತಿದ. ವಸ್ತುಗಳು ಬಂದವು. ಅದರಲ್ಲಿ ಚೀಲ ಒತ್ತಿದ. ಮತ್ತೆ ಬಿಳಿಗೆ ಹೋಗಿ ಸಿದ್ದಾಪುರ. ಮತ್ತೆ ಹಳದಿ: ಅಲ್ಲಿ ನಾನು ಬರೆದಿದ್ದ, ಎರಡು ಜಡೆಯ ಮೊಮ್ಮಗಳ ಚಿತ್ರ. ಆಮೇಲೆ ಮತ್ತೆ ಬಿಳಿ: ಡಿಪೋ. ನಮ್ಮ ಮುಖ ನೋಡಿದ. ಎಡಗೈಯನ್ನು ಬಲಗಂಕುಳಿಗೆ ತುರುಕಿ ಅದುಮಿದ.

“ಮೊಮ್ಮಗಳು ಸಿದ್ದಾಪುರಕ್ಕ ಹೋಗ್ಯಾಳೇನ್ರಿ?” ಅಂದಳು ವೈನಿ.

ಅಲ್ಲ ಅಂತ ತಲೆಯಾಡಿಸಿ, ಮತ್ತೆ ಅದೇ ನಾಲ್ಕನ್ನು ಅದೇ ಸಾಲಿನಲ್ಲಿ ಒತ್ತಿದ. ಚೀಲ, ಸಿದ್ದಾಪುರ, ಹುಡುಗಿ, ಡಿಪೋ. ಈ ಸಲ ಅವನಿಗೆ ಸಿಟ್ಟು ಬರಲಿಲ್ಲ. ಕಲಿಯದ ಮಕ್ಕಳಿಗೆ ಹೇಳಿಕೊಡುವವನ ಹಾಗೆ ನಿಧಾನವಾಗಿ ಒತ್ತಿದ.

ಡ್ರೈವರ್ ಕುರ್ಚಿಯ ತುದಿಗೆ ಬಂದರು. “ತಡೀರಿ, ತಡೀರಿ. ಒಂದು ಹುಡುಗಿ ಬಸ್ಸಿನ್ಯಾಗ ಏನೋ ಬಿಟ್ಟು ಹೋಗ್ಯಾಳ. ಹೌದಿಲ್ಲೋ?”

ಅಣ್ಣ ಹೂಂ ಅಂದ. ಬಾಯಿಂದಲೇ ಅಂದ.

“ಚೀಲ?” ಅಂತ ನಾನು ಕೇಳಿದರೆ, ಪೂರ್ತಿ ಹೌದಲ್ಲ ಅನ್ನುವಂತೆ ಅರ್ಧ ತಲೆಯಾಡಿಸಿದ. ನಾನು ಕಂಕುಳು ನೋಡಿದೆ. ಅವನು ಎಳೆದಿದ್ದ ಚೌಕ ನೆನಪಾಯಿತು. ನನ್ನ ಚೀಲದಿಂದ ಶಾಲೆಯ ಫೈಲೊಂದನ್ನು ತೆಗೆದು ನನ್ನ ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಅಣ್ಣ ಕಣ್ಣು ಮುಚ್ಚಿದ. ಕಣ್ಣ ತುದಿಯಿಂದ ನೀರಿಳಿಯಿತು. ಟ್ಯಾಬನ್ನು ತೊಡೆಯ ಮೇಲಿಟ್ಟು ಹಿಂದಕ್ಕೆ ಒರಗಿದ.

ಉಳಿದದ್ದು ಸುಲಭವಾಗಿತ್ತು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅವನ ಹೆಸರಿನ ಕಪಾಟು ಇತ್ತು. ಬೀಗದ ಕೈ ಮನೆಯಲ್ಲೇ ಗೂಟಕ್ಕೆ ತೂಗುಬಿದ್ದಿತ್ತು. ಡ್ರೈವರ್ ಬೈಕಿನಲ್ಲಿ ಹೋಗಿ ಒಂದು ತಾಸಿನಲ್ಲಿ ತಿರುಗಿ ಬಂದರು. ಇಸ್ತ್ರಿ ಮಾಡಿಟ್ಟಿದ್ದ ಯೂನಿಫಾರ್ಮಿನ ಕೆಳಗೆ ಇತ್ತಂತೆ: ಗುಂಡಿ ಹಾಕುವ ಪ್ಲಾಸ್ಟಿಕ್ ಫೈಲು. ಒಳಗೆ ಒಬ್ಬ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನರ್ಸಿಂಗ್ ಓದಿದ ಸರ್ಟಿಫಿಕೇಟು, ಜಾತಿ ಪ್ರಮಾಣಪತ್ರ, ಎಲ್ಲವೂ ಮೂಲ ಪ್ರತಿ. ಫೋನ್ ನಂಬರ್ ಎಲ್ಲೂ ಇರಲಿಲ್ಲ.

ಅಣ್ಣನಿಗೆ ಒಂದೊಂದೇ ಕೇಳುತ್ತ, ಅವನು ಹೂಂ, ಊಹೂಂ ಅನ್ನುತ್ತ ನಾವು ಕಥೆ ಜೋಡಿಸಿದೆವು. ಮಾತು ಹೋಗುವ ಹಿಂದಿನ ದಿನದ ಕೊನೆಯ ಸುತ್ತಿನಲ್ಲಿ ಅದು ಸೀಟಿನ ಕೆಳಗೆ ಸಿಕ್ಕಿತ್ತು. ಆ ಹುಡುಗಿಯ ಮುಖ ಅವನಿಗೆ ಪರಿಚಯ. ವಾರಕ್ಕೆ ಎರಡು ಸಲವಾದರೂ ಅದೇ ಬಸ್ಸಿಗೆ ಬರುವವಳು. ಕಚೇರಿಗೆ ಒಪ್ಪಿಸುವ ಬದಲು ತಾನೇ ಕೈಯಾರೆ ಕೊಡೋಣ ಅಂತ ಕಪಾಟಿನಲ್ಲಿ ಭದ್ರವಾಗಿಟ್ಟ. ಮರುದಿನ ಬೆಳಿಗ್ಗೆ ಅವನಿಗೆ ಹಾಗಾಯಿತು. ಎದೆನೋವೆಂದು ಆಸ್ಪತ್ರೆಗೆ ಒಯ್ದಾಗಲೂ, ಗಾಲಿಕುರ್ಚಿಯಲ್ಲಿ ಸುತ್ತಾಡಿಸಿದಾಗಲೂ ಅವನ ತಲೆಯಲ್ಲಿ ಆ ಫೈಲೇ ಇತ್ತು.

ಅಂಕಪಟ್ಟಿಯಲ್ಲಿ ಸಿದ್ದಾಪುರದ ಶಾಲೆಯ ಹೆಸರಿತ್ತು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಆ ಶಾಲೆಯವರ ನಂಬರ್ ಪಡೆದು ಫೋನು ಮಾಡಿದೆ. ಅವರು ಹುಡುಗಿಯ ಮನೆಗೇ ಹೋಗಿ ಹೇಳಿದರು. ಸಂಜೆಯೊಳಗೆ ಅವಳೇ ಫೋನು ಮಾಡಿದಳು. ಕೆಲಸವೊಂದಕ್ಕೆ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು, ಮೂಲ ದಾಖಲೆಗಳ ಪರಿಶೀಲನೆಗೆ ಇನ್ನು ಒಂಬತ್ತು ದಿನವಿತ್ತು. ನಕಲು ಪ್ರತಿಗೆ ಅರ್ಜಿ ಹಾಕಿದ್ದಳು. ಅಷ್ಟರೊಳಗೆ ಬರುವ ಖಾತ್ರಿ ಇರಲಿಲ್ಲ. ಎಲ್ಲ ಹಾಳೆಯೂ ಭದ್ರವಾಗಿದೆ ಅಂದೆ. ಆಮೇಲೆ ಅವಳ ತಾಯಿ ಫೋನು ತೆಗೆದುಕೊಂಡು, ನಾಳೆ ಮೊದಲ ಬಸ್ಸಿಗೆ ಬರುತ್ತೇವೆ ಅಂದರು.

ಬಂದರು, ತಾಯಿ ಮಗಳು ಇಬ್ಬರೂ. ತಾಯಿ ಗದ್ದೆಯಲ್ಲಿ ನಾಟಿ ಮಾಡುವ ಕೆಲಸದವರು. ಒಂದು ಚೀಲದಲ್ಲಿ ಹೊಸ ಅಕ್ಕಿ ತಂದಿದ್ದರು. ಹುಡುಗಿ ಫೈಲು ತೆರೆದು ಒಂದೊಂದೇ ಹಾಳೆ ನೋಡಿದಳು. ಎಲ್ಲ ಸರಿಯಿದೆ ಅಂತ ಕಂಡ ಮೇಲೂ ಅದನ್ನು ಮುಚ್ಚದೆ ಹಾಗೇ ಹಿಡಿದು ಕೂತಳು. ಆಮೇಲೆ ಅಣ್ಣನ ಮಂಚದ ಹತ್ತಿರ ಹೋದಳು.

“ನಿಮ್ಮನ್ನ ಭಾಳ ಬೈಕೊಂಡಿದ್ದೆ ರೀ ಕಾಕಾ,” ಅಂದಳು. “ಬಸ್ ಸ್ಟ್ಯಾಂಡಿನ್ಯಾಗ ಕೇಳಿದ್ರ ಯಾರೂ ಕೊಟ್ಟಿಲ್ಲ ಅಂದ್ರು. ನೀವು ಎಲ್ಲೋ ಒಗದೀರಿ ಅಂತ ತಿಳಕೊಂಡಿದ್ದೆ. ತಪ್ಪಾತು.”

ಅಣ್ಣ ಕೈಯಾಡಿಸಿ ಇರಲಿ ಬಿಡು ಅನ್ನುವಂತೆ ಮಾಡಿದ. ಟ್ಯಾಬು ತೆಗೆದುಕೊಂಡು ಗುಲಾಬಿ ಕಟ್ಟಿಗೆ ಹೋದ.

“ಚಹಾ ಬೇಕು,” ಅಂದಿತು ವೈನಿಯ ಧ್ವನಿ. ಬೆರಳಿನಿಂದ ಅವರಿಬ್ಬರನ್ನು ತೋರಿಸಿದ.

ಹುಡುಗಿಗೆ ಕೆಲಸ ಸಿಕ್ಕಿತು. ಅದನ್ನು ಹೇಳಲು ಫೋನು ಮಾಡಿದಾಗ ಅಣ್ಣನ ಕಿವಿಗೇ ಕೊಟ್ಟೆ.

ಆ ಫೈಲು ಮನೆ ದಾಟಿ ಹೋದ ದಿನದಿಂದ ಅವನು ಬೇರೆಯೇ ಮನುಷ್ಯನಾದ. ಮಂಚದ ಪಟ್ಟಿಗೆ ಬಡಿಯುವುದು ನಿಂತಿತು. ಊಟ ಸೇರಿತು. ವ್ಯಾಯಾಮ ಮಾಡಿಸಲು ಬಂದವರ ಜೊತೆ ಹಟ ಮಾಡುವುದೂ ಕಡಿಮೆಯಾಯಿತು. ವೈನಿ ನನ್ನ ಹತ್ತಿರ ಒಂದೇ ಮಾತು ಹೇಳಿದಳು: “ಇಷ್ಟ್ ದಿನ ಇವ್ರಿಗೆ ಏನಾಗೇತೋ ಅಂತ ಜೀವ ಕೈಯಾಗ ಹಿಡ್ಕೊಂಡಿದ್ದೆ ನೋಡವಾ. ಇವ್ರು ತಮ್ಮ ಡ್ಯೂಟಿ ಮಾಡಾಕತ್ತಿದ್ರು.”

ಮಾತು ಪೂರ್ತಿ ಬಂದಿಲ್ಲ, ಬರಲಿಕ್ಕಿಲ್ಲ. ಈಗ ಮೂವತ್ತರಷ್ಟು ಪದಗಳಿವೆ. ಥೆರಪಿಸ್ಟ್ ಕಲಿಸಿದವು ಕೆಲವು, ತಾವಾಗಿಯೇ ಬಂದವು ಕೆಲವು. ಟ್ಯಾಬಿನಲ್ಲಿ ಕಟ್ಟುಗಳ ಉಬ್ಬನ್ನು ನಾನು ಒಂದೆರಡು ಸಲ ಕಡಿಮೆ ಮಾಡಿ ನೋಡಿದೆ. ಈಗ ಬೆರಳಿಗೆ ಜಾಗ ಗೊತ್ತಿರುವುದರಿಂದ ಅವನಿಗೆ ತೊಂದರೆಯಾಗಲಿಲ್ಲ. ಆದರೂ ಮರುದಿನ ನನ್ನನ್ನು ಕರೆದು, ತೆರೆಯ ಮೇಲೆ ಬೆರಳು ಸವರಿ ತೋರಿಸಿ, “ನೆಳ್ಳು” ಅಂದ. ನೆರಳು ಬೇಕು ಅಂತ. ಮತ್ತೆ ಹಾಕಿಕೊಟ್ಟೆ. ಅವನ ಟ್ರೇ, ಅವನಿಗೆ ಬೇಕಾದ ಹಾಗೆ ಇರಲಿ. ಥೆರಪಿಸ್ಟ್ ಕೇಳಿದ್ದರಿಂದ ಈಗ ಇನ್ನೊಬ್ಬರಿಗೂ ಬರೆಯುತ್ತಿದ್ದೇನೆ, ಗಂಗಾವತಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಒಬ್ಬ ತಾಯಿಗೆ. ಅವರಿಗೆ ಟಿಕೆಟ್ಟು ಏನೂ ಹೇಳುವುದಿಲ್ಲ. ಗುಂಡಿ, ದಾರದ ಉಂಡೆ, ಬಟ್ಟೆಯ ತುಂಡುಗಳನ್ನು ಬರೆದಿದ್ದೇನೆ.

ಈಗ ಅವನು ಕೋಲೂರಿಕೊಂಡು ನಿಧಾನಕ್ಕೆ ನಡೆಯುತ್ತಾನೆ. ಕಳೆದ ಭಾನುವಾರ ಅಣ್ಣ, ವೈನಿ ಇಬ್ಬರೇ ಬಸ್ಸು ಹತ್ತಿ ಇಟಗಿಯ ಗುಡಿಗೆ ಹೋದರು. ನಾನೂ ಬರಲೇ ಅಂದರೆ ಬೇಡ ಅಂದ, ಬಾಯಿಂದಲೇ. ಮಧ್ಯಾಹ್ನ ನನ್ನ ಫೋನು ರಿಂಗಾಯಿತು. ಗಾಳಿಯ ಸದ್ದು, ಜನರ ಸದ್ದು, ಅದರ ನಡುವೆ ಅಣ್ಣನ ಧ್ವನಿ, ತಡೆದು ತಡೆದು.

“ತಂಗಿ. ಮುಟ್ಟೀವಿ.”

ತಲುಪಿದಿರಾ, ಆಯ್ತಣ್ಣ ಅಂದೆ. ಫೋನಿಟ್ಟು, ಚಾಪೆ ಹಾಸಿ, ಸಂಜೆ ಅವರು ಬಂದು ಬಾಗಿಲು ಬಡಿಯುವವರೆಗೆ ನಿದ್ದೆ ಮಾಡಿದೆ.